ಬೆಳಕಿಂಡಿಯಲ್ಲಿ ಮುಳುಗಿದ ಹೊತ್ತು

ಕಬ್ಬೂರಿನ ಬಸದಿ ಓಣಿಯಲ್ಲಿ ಈ ಸಂಗತಿಯನ್ನು ಒಂದು ಬಗೆಯಾಗಿ ಹೇಳುತ್ತಾರೆ; ಕೃಷ್ಣೆಯ ದಂಡೆಯ ಕುಡಚಿಯಲ್ಲಿ ಇನ್ನೊಂದು ಬಗೆಯಾಗಿ. ಹೋಳಿಗೆ ಎಷ್ಟು ಉಳಿದವು, ಜೀಪು ಯಾರದು, ಪಂಕ್ತಿಯಿಂದ ಮೊದಲು ಎದ್ದವರು ಯಾರು ಎಂಬಲ್ಲೆಲ್ಲ ಎರಡು ಊರಿನವರ ಮಾತು ಹೊಂದುವುದಿಲ್ಲ. ಹೊಂದುವ ಮಾತು ಒಂದೇ: ತಪ್ಪೆಲ್ಲ ಪಾರಿಸನದು. ಪಾರಿಸನೊಬ್ಬ ಇದನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ತೊಂಬತ್ತಮೂರನೆಯ ಇಸವಿಯ ಜನವರಿ, ಕಬ್ಬು ಕಡಿಯುವ ಕಾಲ. ಭೀಮಗೊಂಡನ ಮಗ ಪಾರಿಸ ಚಿಕ್ಕೋಡಿಯ ಒಂದು ತಾಂತ್ರಿಕ ಶಾಲೆಯಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ. ಆ ದಿನ ಅವನಿಗೆ ಹೆಣ್ಣು ಕೊಡುವವರು ಕುಡಚಿಯಿಂದ ಮನೆತನ ನೋಡಲು ಬರುವವರಿದ್ದರು. ಹುಡುಗಿ ರಾಜಮತಿಯನ್ನು ಅವನು ತಿಂಗಳ ಹಿಂದೆ ಹೋಗಿ ನೋಡಿ ಬಂದಿದ್ದ; ಅಂದಿನಿಂದ ಬೆಸುಗೆ ಹಾಕಲು ಕುಳಿತಾಗಲೆಲ್ಲ ತಂತಿಯ ಬದಲು ಬೆರಳನ್ನು ಸುಟ್ಟುಕೊಳ್ಳುತ್ತಿದ್ದ. ಊಟವಾದ ಮೇಲೆ ಎರಡೂ ಕಡೆಯ ಹಿರಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಮಾತು ಗಟ್ಟಿ. ಎರಡೂ ಜೈನರ ಮನೆ. ಊಟವಾಗಲಿ, ಸಕ್ಕರೆಯಾಗಲಿ, ಕೊನೆಗೆ ಒಂದು ಗುಟುಕು ನೀರಾಗಲಿ ಹೊತ್ತು ಮುಳುಗುವುದರೊಳಗೇ ಆಗಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ಆದರೆ ಪಾರಿಸನ ತಲೆಯಲ್ಲಿ ಒಂದು ಆಸೆ ಹೊಕ್ಕಿತ್ತು. ಹಿರಿಯರು ಸಕ್ಕರೆ ಹಾಕುವ ಗಳಿಗೆಯಲ್ಲಿ ನಡುಮನೆಯ ಬೆಳಕು ಮೆಲ್ಲಗೆ ಇಳಿಯಬೇಕು. ಸಕ್ಕರೆ ಬಾಯಿಗೆ ಬೀಳುತ್ತಿದ್ದಂತೆ ಬೆಳಗಿನ ಜಾವದ ಹಾಗೆ ಮತ್ತೆ ಮೆಲ್ಲಗೆ ಏರಬೇಕು. ಅಳಿಯನ ವಿದ್ಯೆ ಏನೆಂಬುದು ಮಾವನಿಗೆ ಮಾತಿಲ್ಲದೆ ತಿಳಿಯಬೇಕು.

ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ, ಅಷ್ಟೆ. ಪಾರಿಸ ಬೆಳಿಗ್ಗೆ ಏಣಿ ಹತ್ತಿ ಅದರ ಬಾಯಿಗೆ ಮೇಲಿನಿಂದ ಗೋಣಿತಾಟು ಹೊದಿಸಿದ; ಒಳಗೆ ಟ್ರ್ಯಾಕ್ಟರಿನ ದೀಪದ ನಾಲ್ಕು ಬಲ್ಬು ತೂಗುಬಿಟ್ಟ; ಅವುಗಳ ಕೆಳಗೆ ಬಿಳಿಯ ಧೋತರ ಬಿಗಿದು ಕಟ್ಟಿದ. ದೀಪ ಹಚ್ಚಿದರೆ ಸಾಕ್ಷಾತ್ ಆಕಾಶವೇ ಒಳಗೆ ಇಣುಕಿದಂತೆ ಕಾಣುತ್ತಿತ್ತು. ಕರೆಂಟನ್ನು ನಂಬುವ ಕಾಲ ಅದಲ್ಲವಾದ್ದರಿಂದ ನೆರೆಮನೆಯ ಲಗಮಣ್ಣನ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬೇಡಿ ತಂದಿದ್ದ. ಬ್ಯಾಟರಿಯ ಹಿಂದೆಯೇ ಲಗಮಣ್ಣನೂ ಬಂದ. ಲಗಮಣ್ಣನ ಹಿಂದೆ ಅವನ ಹೆಂಡತಿ ಚನ್ನವ್ವನೂ ಬಂದಳು.

“ಏನ್ ಮಾಡಾಕತ್ತೀಯೋ ಪಾರಿಸಾ?” ಎಂದ ಲಗಮಣ್ಣ.

“ಬೆಳಕ ಕಡಿಮಿ ಮಾಡೂ ಮಿಷನ್ರೀ ಕಾಕಾ.”

ಲಗಮಣ್ಣ ಬಾಯೊಳಗಿನ ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. “ಅದಕ್ಕ ಮಿಷನ್ ಯಾಕಲೇ? ನಮ್ಮೂರ ಟ್ರಾನ್ಸ್‌ಫಾರ್ಮರ್ ಹುಟ್ಟಿದಾಗಿಂದ ಅದನ್ನ ಮಾಡಾಕತ್ತೈತಲ್ಲ!”

“ಅದು ವೋಲ್ಟೇಜ್ ಬೀಳೂದ್ರೀ. ಇದು ಬ್ಯಾರೆ.”

“ಬ್ಯಾರೆ ಹ್ಯಾಂಗ? ಅಲ್ಲೂ ಮಂದ, ಇಲ್ಲೂ ಮಂದ.”

ಪಾರಿಸನ ಮೂಗಿನ ತುದಿ ಕೆಂಪಾಯಿತು. ತಾಲೂಕಿನ ಜನರೆಲ್ಲ ಬಲ್ಬು ಪೂರ್ತಿ ಉರಿಯಲಿ ಎಂದು ಅರ್ಜಿ ಬರೆಯುತ್ತಿದ್ದ ಕಾಲದಲ್ಲಿ ಬೆಳಕು ಕಡಿಮೆ ಮಾಡುವುದೂ ಒಂದು ವಿದ್ಯೆ ಎಂದು ಹೇಳುವವನ ಪಾಡು ಅದು. ಅವನು ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ. ಒಳಗೆ ಬೆರಳುದ್ದದ ಕರಿಯ ತುಣುಕೊಂದು ಕುಳಿತಿತ್ತು. ಇತ್ತ ಇಪ್ಪತ್ತು, ಅತ್ತ ಇಪ್ಪತ್ತು ಸಣ್ಣ ಕಾಲುಗಳು. ಒಂದೊಂದು ಕಾಲೂ ಒಂದೊಂದು ತೂತಿನಲ್ಲಿ.

“ಇದು ಮೈಕ್ರೋಕಂಟ್ರೋಲರ್. ಪುಣೆಯಿಂದ ತರಿಸೇನಿ. ಇಡೀ ಪೆಟಗಿಗೆ ಇದ ಬುದ್ಧಿ. ಇದು ದೀಪಾನ ಸೆಕೆಂಡಿಗೆ ನೂರು ಸಲ ಹಚ್ಚಿ ನೂರು ಸಲ ಆರಸತೈತಿ. ಹಚ್ಚಿದ ಹೊತ್ತು ಹೆಚ್ಚಾದ್ರ ಬೆಳಕ ಹೆಚ್ಚು. ಆರಿಸಿದ ಹೊತ್ತು ಹೆಚ್ಚಾದ್ರ ಬೆಳಕ ಕಡಿಮಿ. ಕಣ್ಣಿಗೆ ಆ ಆರೂದು ಹತ್ತೂದು ತಿಳಿಯೂದ ಇಲ್ಲ. ಪಲ್ಸ್ ವಿಡ್ತ್ ಮಾಡ್ಯುಲೇಶನ್ ಅಂತಾರ ಇದಕ್ಕ.”

“ಅಯ್ಯ ನನ ಶಿವನ!” ಎಂದಳು ಚನ್ನವ್ವ. “ದೇವರು ಕೊಟ್ಟ ಬೆಳಕಿಗೆ ತಾಟು ಮುಚ್ಚಿದ್ರಿ. ಮುಚ್ಚಿ ದೀಪಾ ಹಚ್ಚಿದ್ರಿ. ಹಚ್ಚಿದ್ದನ್ನ ಮತ್ತ ನೂರು ಸಲ ಆರಸತೀರಿ. ಸಾಲಿ ಕಲತವರ ಕೆಲಸಾನ ಹಿಂಗ ನೋಡು.”

ಮೂಲೆಯಲ್ಲಿ ಪಾರಿಸನ ಅಜ್ಜಿ ಸುಂದ್ರವ್ವ ಮೆತ್ತನೆಯ ಪೊರಕೆಯಿಂದ ನೆಲ ಗುಡಿಸುತ್ತಿದ್ದಳು. ಗುಡಿಸುವುದೆಂದರೆ ಅವಳಿಗೆ ಅರ್ಧ ದಿನದ ಕೆಲಸ. ಒಂದು ಇರುವೆ ಕಂಡರೂ ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು, ಹಿತ್ತಲಿನ ದಾಸವಾಳದ ಗಿಡದವರೆಗೆ ನಡೆದು, ಇಳಿಸಿ ಬರುವವಳು. ಕಣ್ಣಿಗೆ ಪೊರೆ ಬಂದ ಮೇಲೆ ಬೇಳೆಯ ಸಿಪ್ಪೆಗಳನ್ನೂ ಹಾಗೆಯೇ ಸಾಗಿಸುತ್ತಿದ್ದಳು. ಮನೆಯವರು ಏನೂ ಅನ್ನುತ್ತಿರಲಿಲ್ಲ.

ಪಾರಿಸ ಪೆಟ್ಟಿಗೆಯ ಗುಂಡಿ ಒತ್ತಿ ತೋರಿಸಿದ. ಬೆಳಕು ತುಪ್ಪ ಕರಗಿದಂತೆ ಇಳಿಯಿತು. ಇನ್ನೊಮ್ಮೆ ಒತ್ತಿದಾಗ ಹಾಲು ಉಕ್ಕಿದಂತೆ ಏರಿತು. ಒಳಗಿನ ಬುದ್ಧಿ ಕೈಕೊಟ್ಟರೂ ಬೀಗರ ಮುಂದೆ ಕತ್ತಲಾಗಬಾರದೆಂದು, ಆಗ ದೀಪ ತಾನೇ ಪೂರ್ತಿ ಉರಿಯುವಂತೆಯೂ ಅವನು ಜೋಡಿಸಿ ಇಟ್ಟಿದ್ದ. ಇಷ್ಟು ಮುಂದಾಲೋಚನೆ ಮಾಡಿದವನನ್ನು ಜನ ದೂರುತ್ತಾರೆ.

“ಕಾಕಾ, ಬಾಳಿ ಎಲಿ ತರಾಕ ತ್ವಾಟಕ್ಕ ಹೋಗಿ ಬರತೇನಿ. ಬ್ಯಾಟರಿ ಬಂದ್ ಮಾಡ್ರಿ. ಪೆಟಗಿ ಯಾರೂ ಮುಟ್ಟಬಾರದು,” ಎಂದು ಹೇಳಿ ಸೈಕಲ್ ಏರಿದ.

ಮುಟ್ಟಬಾರದೆಂಬ ಮಾತನ್ನು ಲಗಮಣ್ಣ ಅಕ್ಷರಶಃ ಪಾಲಿಸಿದ, ಬ್ಯಾಟರಿಯನ್ನೂ ಮುಟ್ಟಲಿಲ್ಲ. ತನ್ನ ಬ್ಯಾಟರಿಯಿಂದ ಭೀಮಗೊಂಡನ ಮನೆಯಲ್ಲಿ ಆಕಾಶ ಉರಿಯುತ್ತಿದೆ ಎಂಬ ಹೆಮ್ಮೆಯಲ್ಲಿ ಓಣಿಯ ಮಂದಿಯನ್ನೆಲ್ಲ ಕರೆಕರೆದು ತೋರಿಸಿದ. ಮಧ್ಯಾಹ್ನ ಬಂದವರು ಹೋಗಿ ಇನ್ನಷ್ಟು ಮಂದಿಯನ್ನು ಕಳಿಸಿದರು. ನಾಲ್ಕು ಬಲ್ಬು ಹನ್ನೆರಡರಿಂದ ಸಂಜೆಯವರೆಗೆ ಒಂದೇ ಸಮನೆ ಉರಿದವು. ನಡುವೆ ಒಮ್ಮೆ ಪೆಟ್ಟಿಗೆ ತೆರೆದೇ ಇರುವುದನ್ನು ಕಂಡು, ಧೂಳು ಬಿದ್ದೀತೆಂದು ಕತ್ತು ಅತ್ತ ತಿರುಗಿಸಿಕೊಂಡೇ ಮುಚ್ಚಳ ಹಾಕಿ ನಾಲ್ಕೂ ತಿರುಪು ಬಿಗಿದ. ಅದು ಮುಟ್ಟಿದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವನ ವಾದ.

ಸೈಕಲ್ ಪಂಕ್ಚರ್ ಆಗಿ ಐದರ ಹೊತ್ತಿಗೆ ಎಲೆ ಹೊತ್ತು ನಡೆದು ಬಂದ ಪಾರಿಸ, ದೀಪವನ್ನು ಈಗಷ್ಟೇ ಹಚ್ಚಿದ್ದಾರೆಂದುಕೊಂಡು, ಎಲ್ಲವೂ ಸರಿಯಾಗಿದೆಯೇ ಎಂದು ಇನ್ನೊಮ್ಮೆ ಗುಂಡಿ ಒತ್ತಿ ನೋಡಬೇಕೆನ್ನುವಷ್ಟರಲ್ಲಿ ಭೀಮಗೊಂಡ ಹೌಹಾರಿ ಬಂದ.

“ಆಟ ಬಿಡೋ ಇನ್ನ! ಬೀಗರು ಬಂದ್ರು!”

ಬರಬೇಕಾದದ್ದು ಮೂರಕ್ಕೆ. ದಾರಿಯುದ್ದಕ್ಕೂ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಸಾಲು. ಜೀಪು ಎತ್ತಿನ ಬಾಲ ಹಿಡಿದು ಬಂದಂತೆ ಬಂದು ಐದು ದಾಟಿದ ಮೇಲೆ ಮುಟ್ಟಿತು. ಹುಡುಗಿಯ ತಂದೆ ದಾದಾಸಾಹೇಬ ಇಳಿದ. ಅವನ ದಾಯಾದಿಗಳಾದ ನಾಲ್ಕು ಜನ ಭಾವಬಂದರು ಇಳಿದರು. ಎಲ್ಲರೂ ಕೈಕಟ್ಟಿ ನಿಂತ ಮೇಲೆ ಅವನ ತಾಯಿ ಗಂಗೂಬಾಯಿ ಇಳಿದಳು. ಎಂಬತ್ತರ ಮುದುಕಿ, ಒಣಗಿದ ಉತ್ತತ್ತಿಯಂತೆ ಚಿಕ್ಕದು, ಗಟ್ಟಿ. ದಿನಕ್ಕೆ ಒಂದೇ ಸಲ ಉಣ್ಣುವ ನೇಮ. ಆ ದಿನ ಬೀಗರ ಮನೆಯಲ್ಲೇ ಉಣ್ಣುವುದೆಂದು ಬೆಳಗಿನಿಂದ ಹೊಟ್ಟೆಯನ್ನು ಹಾಗೆಯೇ ತಂದಿದ್ದಳು. ಕುಳಿತು ಎದ್ದರೆ ಮುಗಿಯಿತು, ಮತ್ತೆ ಮರುದಿನವೇ.

“ಎಲಿ ಹಾಕ್ರಿ, ಲಗೂ!” ಎಂದ ಭೀಮಗೊಂಡ.

ಪಂಕ್ತಿ ಕೂತಿತು. ಗಂಗೂಬಾಯಿ ಮೊದಲು ತಲೆಯೆತ್ತಿ ಬೆಳಕಿಂಡಿಯನ್ನು ನೋಡಿದಳು. ಧೋತರದ ಹಿಂದೆ ಬೆಳ್ಳನೆಯ ಹಗಲು.

“ಇನ್ನಾ ಭಾಳ ಹೊತ್ತೈತಿ,” ಎಂದು ಸಮಾಧಾನದಿಂದ ಮೊದಲ ತುತ್ತು ಎತ್ತಿದಳು. ಅಂಥ ಮನೆಗಳಲ್ಲಿ ಬೆಳೆದ ಹಿರಿಯರಿಗೆ ಬೆಳಕಿಂಡಿಯೇ ಗಡಿಯಾರ. ಅದರ ಬಣ್ಣ ನೋಡಿ ಇನ್ನೆಷ್ಟು ತುತ್ತು ಉಣ್ಣಬಹುದೆಂದು ಅಂದಾಜು ಮಾಡುವವರು ಅವರು.

ಪಾರಿಸ ಕಟ್ಟಿನ ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದ. ಅವನ ಕಣ್ಣೆಲ್ಲ ಮಾವನ ಎಲೆಯ ಮೇಲೆ. ಮಾವ ಬದನೆಕಾಯಿಯನ್ನು ಎರಡನೆಯ ಸಲ ಕೇಳಿದಾಗ ಅವನಿಗೆ ಸಂಬಂಧವೇ ಕುದುರಿದಂತಾಯಿತು. ಆಗ ಬೆಳಕು ಒಂದಿಷ್ಟು ಹಳದಿಯಾಯಿತು. ಯಾರೂ ಗಮನಿಸಲಿಲ್ಲ. ಹಳದಿ ಅರಿಷಿಣದಂತಾಯಿತು. ಗಂಗೂಬಾಯಿ ತುತ್ತಿನ ವೇಗ ಹೆಚ್ಚಿಸಿದಳು. ಒಲೆಯ ಮೇಲೆ ಮೊದಲ ಹೋಳಿಗೆ ಉಬ್ಬುವ ಹೊತ್ತಿಗೆ ಬೆಳಕಿಂಡಿ ಕುಂಕುಮದ ಬಣ್ಣಕ್ಕೆ ತಿರುಗಿತು.

“ಸಾಕು!” ಎಂದು ಮುದುಕಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. “ಹೊತ್ತು ಮುಳುಗಾಕ ಹತ್ತೇತಿ. ಏಳ್ರಿ ಎಲ್ಲಾರೂ!”

“ಅವ್ವಾ, ನನ್ನ ಗಡ್ಯಾರದಾಗ ಇನ್ನಾ ಐದು ಐವತ್ತು,” ಎಂದ ದಾದಾಸಾಹೇಬ.

“ಗಡ್ಯಾರ ಮನಶ್ಯಾ ಮಾಡಿದ್ದು. ಹೊತ್ತು ಮನಶ್ಯಾ ಮಾಡಿದ್ದೇನು? ಏಳು!”

ಅವಳು ಎದ್ದಳು; ಮಗ ಎದ್ದ; ನಾಲ್ವರು ಭಾವಬಂದರು ಹೋಳಿಗೆ ಬರುತ್ತಿದ್ದ ಬಾಗಿಲನ್ನು ಒಮ್ಮೆ ನೋಡಿ ನಿಟ್ಟುಸಿರಿಟ್ಟು ಎದ್ದರು. ಗಂಗೂಬಾಯಿ ಬಚ್ಚಲಿಗೆ ಹೋಗಿ ಕೈತೊಳೆದು ಬಾಯಿ ಮುಕ್ಕಳಿಸಿ ಬಂದಳು. ಅಡುಗೆಮನೆಯ ಹೊಸ್ತಿಲಲ್ಲಿ ಭೀಮಗೊಂಡ ಹೋಳಿಗೆಯ ತಾಟು ಹಿಡಿದು, ಬಸ್ಸು ತಪ್ಪಿಸಿಕೊಂಡವನಂತೆ ನಿಂತ.

“ಹೊತ್ತು ಮುಳುಗಿಲ್ಲರೀ!” ಎಂದು ಪಾರಿಸ ಕೂಗಿದ. ಏಣಿ ಹತ್ತಿ ಧೋತರವನ್ನು ಕಿತ್ತ. ಕೈ ಚಾಚಿ ಗೋಣಿತಾಟನ್ನು ಆಚೆ ನೂಕಿದ. ಬಂಗಾರದಂಥ ಇಳಿಬಿಸಿಲು ಬೆಳಕಿಂಡಿಯಿಂದ ನುಗ್ಗಿ ಗೋಡೆಯ ಮೇಲೆ ಬಿತ್ತು. ಅದರ ಕೆಳಗೆ ಆರು ಎಲೆಗಳು, ಅರ್ಧ ಉಂಡ ಅನ್ನ.

ಎಲ್ಲರೂ ಮೇಲೆ ನೋಡಿದರು. ಹಗಲಿನ ನಡುವೆ ನಾಲ್ಕು ಬಲ್ಬು, ಆರಲಿರುವ ಬೀಡಿಯ ತುದಿಗಳಂತೆ ಮಿಣುಕುತ್ತಿದ್ದವು.

ದಾದಾಸಾಹೇಬ ಒಳ್ಳೆಯ ಮನುಷ್ಯ. ಅವನು ನಕ್ಕು, “ಹೋಗಲಿ ಬಿಡ್ರಿ ಭೀಮಗೊಂಡಾರ. ಬ್ಯಾಟರಿ ಇಳದಿರಬೇಕು. ಯಾರ ಮನ್ಯಾಗ ಆಗೂದಿಲ್ಲ? ಅವ್ವಂದು ಒಂದು ಊಟ ಹೋತು, ನಾಳೆ ಮಾಡತಾಳ. ಹೊತ್ತು ಇನ್ನಾ ಐತಿ, ಸಕ್ಕರಿ ತರ್ರಿ,” ಎಂದ. ಗಂಗೂಬಾಯಿಯೂ, “ನನ್ನ ಬಾಯಾಗ ಬ್ಯಾಡ. ಉಳಿದವರು ಮಾಡ್ಕೋರಿ. ಬ್ಯಾಟರಿಗೆ ಏನ್ ಅನ್ನೂದು,” ಎಂದು ತಲೆಯಾಡಿಸಿದಳು.

ಇಲ್ಲಿ ಪಾರಿಸ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯನ್ನು ಯಾರೂ ಹೇಳುತ್ತಿರಲಿಲ್ಲ.

“ಬ್ಯಾಟರಿ ಇಳದಿಲ್ಲ!” ಎಂದ ಅವನು ಏಣಿಯ ಮೇಲಿಂದಲೇ. “ಮುಂಜಾನಿಂದ ಇದನ್ನ ಕೇಳಾಕತ್ತೇನಿ. ಬೆಳಕ ಇಳದ್ರ ವೋಲ್ಟೇಜ್ ಬಿತ್ತು, ಬ್ಯಾಟರಿ ಸತ್ತಿತು! ಇದು ಹಂಗಿಂದಲ್ಲರೀ ಮಾವಾರ. ಇದು ನನ್ನ ಮಿಷನ್ ಇಳಿಸಿದ ಬೆಳಕ. ಲಗಮಣ್ಣ ಕಾಕಾ ಗುಂಡಿ ಒತ್ಯಾರ, ಅದಕ್ಕ ಇಳದೈತಿ.”

“ನಾ ಒತ್ತಿಲ್ಲಪಾ!” ಎಂದ ಲಗಮಣ್ಣ ಬಾಗಿಲಲ್ಲಿ. “ಎಲ್ಲಮ್ಮನ ಆಣಿ ಮಾಡಿ ಹೇಳತೇನಿ. ಮುಚ್ಚಳ ಅಷ್ಟ ಹಾಕೇನಿ.”

“ಯಾರೋ ಒತ್ಯಾರ! ಒತ್ತದ ಹೊರತು ಅದು ಹಿಂಗ ನಾಜೂಕಾಗಿ ಇಳಿಯೂದು ಶಕ್ಯ ಇಲ್ಲ. ನೋಡಿದ್ರಿಲ್ಲೋ, ಮೊದಲ ಅರಿಷಿಣ, ಆಮ್ಯಾಲೆ ಕುಂಕುಮ! ಬ್ಯಾಟರಿಗೆ ಬರತೈತೇನು ಆ ಕಲಾ?”

ಗಂಗೂಬಾಯಿ ನಿಧಾನವಾಗಿ ಅವನ ಕಡೆ ತಿರುಗಿದಳು. “ಅಂದ್ರ ನಾ ಉಣ್ಣಾಕ ಕುಂತಾಗ ಹೊತ್ತು ಮುಳುಗಿಸಿದಾಂವ ನೀನ ಏನು, ತಮ್ಮಾ?”

“ನಾ ಅಲ್ಲರೀ ಅಮ್ಮಾರ. ಇದರಾಗಿನ ಬುದ್ಧಿ. ಸೆಕೆಂಡಿಗೆ ನೂರು ಸಲ ಹಚ್ಚಿ ನೂರು ಸಲ ಆರಸತೈತಿ ಅದು. ನೋಡ್ರಿ ಬೇಕಾದ್ರ, ಕಣ್ಣಿಲೆ ನೋಡ್ರಿ!”

ಭೀಮಗೊಂಡ “ಸುಮ್ಮಿರೋ, ಸುಮ್ಮಿರೋ” ಎಂದು ತಾಟು ಹಿಡಿದ ಕೈಯಿಂದಲೇ ಸನ್ನೆ ಮಾಡುತ್ತಿದ್ದ. ಪಾರಿಸ ಇಳಿದು ಬಂದು ಎಲ್ಲರ ನಡುವೆ ಪೆಟ್ಟಿಗೆ ಇಟ್ಟು ನಾಲ್ಕೂ ತಿರುಪು ಬಿಚ್ಚಿ ಮುಚ್ಚಳ ಎತ್ತಿದ.

ಒಳಗೆ ನಲವತ್ತು ತೂತುಗಳಿದ್ದವು. ಕಾಲುಗಳಿರಲಿಲ್ಲ. ಕಾಲುಗಳ ಮೇಲಿನ ಬುದ್ಧಿಯೂ ಇರಲಿಲ್ಲ.

ಲಗಮಣ್ಣ ಒಂದು ತಂತಿಯ ತುದಿಯನ್ನು ಬ್ಯಾಟರಿಗೆ ಸೋಕಿಸಿ ನೋಡಿದ. ಕಿಡಿ ಹಾರಲಿಲ್ಲ. “ಬ್ಯಾಟರಿನ ಇಳದೈತಲ್ಲೋ ಪಾರಿಸಾ. ಅದಕ್ಕೂ ಬರತೈತಿ ನಿನ್ನ ಕಲಾ,” ಎಂದ.

ಭಾವಬಂದರು ನಕ್ಕರು. ದಾದಾಸಾಹೇಬನೂ ನಕ್ಕ. ಗಂಗೂಬಾಯಿಯ ಮುಖ ಸಡಿಲವಾಯಿತು. “ಹುಚ್ಚ ಹುಡುಗ. ಮಾಡದ ತಪ್ಪು ಮೈಮ್ಯಾಲೆ ಹಾಕ್ಕೊಳ್ಳಾಕ ಹೊಂಟಿತ್ತು. ನಡೀರಿ, ಹೊತ್ತು ಹೊಂಟೈತಿ. ಸಕ್ಕರಿ ಎಲ್ಲಿ?” ಎಂದಳು. ಭೀಮಗೊಂಡ ಹೋಳಿಗೆಯ ತಾಟು ಕೆಳಗಿಟ್ಟು ಗೂಡಿನಿಂದ ಸಕ್ಕರೆಯ ಬಟ್ಟಲು ತೆಗೆದ. ಗೋಡೆಯ ಮೇಲಿನ ಬಿಸಿಲು ಒಂದು ಗೇಣು ಉಳಿದಿತ್ತು. ದಾದಾಸಾಹೇಬ ಚಿಟಿಕೆ ಸಕ್ಕರೆ ಹಿಡಿದು ಭೀಮಗೊಂಡನ ಬಾಯಿಯ ಹತ್ತಿರ ತಂದ. ಭೀಮಗೊಂಡ ಬಾಯಿ ತೆರೆದ.

ಮತ್ತೆ ಪಾರಿಸ ಸುಮ್ಮನಿರಬಹುದಿತ್ತು. ಆದರೆ ಪುಣೆಯಿಂದ ತರಿಸಿ, ಮೂರು ತಿಂಗಳು ರಾತ್ರಿ ಹಗಲು ಕಲಿಸಿ ಬುದ್ಧಿವಂತ ಮಾಡಿದ ಒಡವೆ ಅದು.

“ಯಾರು ತಗದವರು?” ಎಂದು ಅವನು ಗುಡುಗಿದ. “ನನ್ನ ಮನ್ಯಾಗ, ನನ್ನ ಪೆಟಗಿ ಒಳಗಿಂದ, ಯಾರು ತಗದವರು ಅಂತ ಕೇಳಾಕತ್ತೇನಿ! ಈ ಊರಾಗ ವಿದ್ಯಾಕ್ಕ ಮರ್ಯಾದಿ ಐತೋ ಇಲ್ಲೋ?”

ಮೂಲೆಯಿಂದ ಸುಂದ್ರವ್ವ ಕೋಲೂರಿ ಎದ್ದಳು.

“ಯಾಕಪಾ ಬೈತಿ? ನಾನ ತಗದೇನಿ. ಬಡಜೀವ ಅದು. ಎಷ್ಟು ದಿನದಿಂದ ಸಿಗಬಿದ್ದಿತ್ತೋ ಏನೋ, ಒಂದೊಂದು ಕಾಲೂ ಒಂದೊಂದು ತೂತಿನಾಗ. ಮಿಸುಕಾಡಾಕ ಬರವಲ್ದಾಗಿತ್ತು. ಎಳದ್ರ ಕಾಲ ಮುರದಾವು ಅಂತ ತುಪ್ಪ ಹಚ್ಚಿ ಮೆಲ್ಲಕ ಬಿಡಿಸಿ ದಾಸಾಳ ಗಿಡದ ಬುಡಕ ಬಿಟ್ಟು ಬಂದೇನಿ. ಎರಡು ಕಾಲ ಸೊಟ್ಟ ಆದೂವು, ಪಾಪ.”

ದಾದಾಸಾಹೇಬನ ಚಿಟಿಕೆ ಭೀಮಗೊಂಡನ ತುಟಿಯಿಂದ ಎರಡು ಬೆರಳು ಆಚೆಯೇ ನಿಂತಿತು. ಗಂಗೂಬಾಯಿ ಕೈಯೆತ್ತಿದ್ದಳು.

“ಎಷ್ಟು ಕಾಲು?” ಎಂದು ಕೇಳಿದಳು.

“ನಲವತ್ತರೀ ಅಕ್ಕಾರ. ಎಣಿಸೇನಿ.”

ಗಂಗೂಬಾಯಿ ಪಾರಿಸನನ್ನು ದಿಟ್ಟಿಸಿದಳು. “ದೀಪಾ ಸೆಕೆಂಡಿಗೆ ನೂರು ಸಲ ಹಚ್ಚಿ ನೂರು ಸಲ ಆರಸತೈತಿ ಅಂತ ನೀ ಹೇಳಿದ್ದು ಅದನ್ನ ಏನು?”

“ಹೌದ್ರೀ, ಆದ್ರ...”

“ನಲವತ್ತೂ ಕಾಲು ತಗಡಿನಾಗ ಚುಚ್ಚಿ?”

“ಸಾಕೆಟ್ಟಿನಾಗ್ರೀ. ಅದನ್ನ ಹಂಗ ಕೂಡಸಬೇಕು!”

“ಮ್ಯಾಲೆ ಮುಚ್ಚಳ ಹಾಕಿ, ತಿರುಪು ಬಿಗದು?”

“ತಿರುಪು ಬಿಗದಾಂವ ನಾ ಅಲ್ಲ, ಲಗಮಣ್ಣ ಕಾಕಾ! ಅಮ್ಮಾರ, ನೀವು ತಪ್ಪ ತಿಳ್ಕೊಂಡೀರಿ. ಅದಕ್ಕ ಜೀವಾನ ಇಲ್ಲರೀ!”

“ಎಲ್ಲಿಂದ ಇರತೈತಿ?” ಎಂದಳು ಗಂಗೂಬಾಯಿ. “ಅಷ್ಟು ದುಡಿಸಿಕೊಂಡ ಮ್ಯಾಲೆ ಜೀವ ಎಲ್ಲಿಂದ ಇರತೈತಿ?”

ಸುಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚನ್ನವ್ವ ಬಾಗಿಲಲ್ಲಿ “ಹೌದವ್ವಾ ಹೌದು” ಎಂದಳು. ಪಾರಿಸ ಏನೋ ಹೇಳಿದ. ಸಿಲಿಕಾನ್ ಎಂದ, ಮರಳು ಎಂದ, ಪುಣೆಯ ಅಂಗಡಿಯ ಪಾವತಿ ತೋರಿಸುತ್ತೇನೆಂದ. ಜೀವವನ್ನು ಪಾವತಿ ಬರೆದು ಮಾರುತ್ತಾರೆಂಬ ಹೊಸ ಸಂಗತಿ ಕೇಳಿ ಮುದುಕಿಯರಿಬ್ಬರೂ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಆ ಗದ್ದಲದಲ್ಲಿ ಗೋಡೆಯ ಮೇಲಿನ ಬಿಸಿಲು ತೊಲೆಯವರೆಗೆ ಏರಿತು, ಕೆಂಪಾಯಿತು, ಅಳಿಸಿ ಹೋಯಿತು. ಈ ಸಲ ನಿಜವಾದ ಹೊತ್ತು ಮುಳುಗಿತು. ದಾದಾಸಾಹೇಬ ಸಕ್ಕರೆಯ ಚಿಟಿಕೆಯನ್ನು ಬಟ್ಟಲಿಗೆ ಉದುರಿಸಿ ಕೈ ಝಾಡಿಸಿದ.

ಜೀಪು ಹತ್ತುವಾಗ ಅವನು ಪಾರಿಸನನ್ನು ಬದಿಗೆ ಕರೆದ. “ನಾ ಕುಡಚಿ ಪ್ಯಾಟ್ಯಾಗ ರೇಡಿಯೋ ಬಿಚ್ಚಿದ್ದು ನೋಡೇನಿ ತಮ್ಮಾ. ಅದು ಹುಳಾ ಅಲ್ಲ ಅಂತ ನನಗ ಗೊತ್ತೈತಿ.”

“ಮತ್ತ ಹೇಳ್ರಲ್ಲಾ ನಿಮ್ಮ ಅವ್ವಾರಿಗೆ!”

“ಹೇಳಬಹುದಿತ್ತು. ಬ್ಯಾಟರಿ ಇಳದೈತಿ ಅಂತ ನಿನಗ ಹೇಳಿದ್ನಲ್ಲ, ಕೇಳಿದ್ಯಾ? ನಮ್ಮ ಅವ್ವಾನೂ ನಿನ್ನಂಗನ.”

ಜೀಪು ಕಬ್ಬಿನ ಗಾಡಿಗಳ ನಡುವೆ ಮರೆಯಾಯಿತು. ಅದು ತಿರುವು ದಾಟುತ್ತಿದ್ದಂತೆ ಕಬ್ಬೂರಿಗೆ ಕರೆಂಟು ಬಂದಿತು. ಎಂದೂ ಇಲ್ಲದಂತೆ ಭರ್ತಿ ವೋಲ್ಟೇಜಿನಲ್ಲಿ.

ಮರುದಿನ ಬೆಳಿಗ್ಗೆ ಪಾರಿಸ ಹಿತ್ತಲಿನಲ್ಲಿ ಮೊಣಕಾಲೂರಿ ಹುಡುಕಿದ. ಹೆಚ್ಚು ಹುಡುಕಬೇಕಾಗಲಿಲ್ಲ, ಇರುವೆಗಳ ಒಂದು ಸಾಲು ದಾರಿ ತೋರಿಸಿತು. ದಾಸವಾಳದ ಬುಡದಲ್ಲಿ, ಒಂದು ಎಲೆಯ ಹಾಸಿಗೆಯ ಮೇಲೆ, ಅದು ಮಲಗಿತ್ತು. ಸೊಟ್ಟಗಾದ ಎರಡು ಕಾಲಿಗೆ ಅರಿಷಿಣ ಹಚ್ಚಿತ್ತು. ಪಕ್ಕದಲ್ಲಿ ದೊನ್ನೆಯ ತುಂಬ ಸಕ್ಕರೆ.

“ಮುಟ್ಟಬ್ಯಾಡೋ ಅದನ್ನ!” ಎಂದು ಹಿಂದಿನಿಂದ ಸುಂದ್ರವ್ವ ಗದರಿಸಿದಳು. “ನಿನ್ನ ಭಯಕ್ಕ ರಾತ್ರಿಯೆಲ್ಲಾ ಮಿಸುಕಿಲ್ಲ. ಈಗ ಒಂದೀಟು ಸಕ್ಕರಿ ತಿನ್ನಾಕತ್ತೈತಿ.”

ಅದು ಯಾವ ಸಕ್ಕರೆ ಎಂದು ಪಾರಿಸ ಕೇಳಲಿಲ್ಲ. ಗೂಡಿನಲ್ಲಿದ್ದ ಬಟ್ಟಲು ಬರಿದಾಗಿತ್ತು.